ಉಪ್ಪುನೀರಿನ ಅಳತೆ

ಬೆಕ್ತುರ್ ಸಾಪರನ ತೋಳು ಹಿಡಿದು ಉಣ್ಣೆಗುಡಾರದ ಹಿಂದಕ್ಕೆ ಎಳೆದುಕೊಂಡು ಹೋದ. ಒಳಗೆ ಬೆಕ್ತುರನ ಅಪ್ಪ ಜೊಲ್ಚುವಿನ ಹೆಣದ ಮುಂದೆ ಹೆಂಗಸರು ಹಾಡಿ ಅಳುತ್ತಿದ್ದರು. ನರೀನ್ ಹೊಳೆದಂಡೆಯ ಊರುಗಳಿಗೆಲ್ಲ ಕರೆಂಟಿನ ಅರ್ಥಿಂಗ್ ಪರೀಕ್ಷಕನಾಗಿದ್ದವನು ಜೊಲ್ಚು.

“ಸಾಪರಣ್ಣ, ಮಣ್ಣು ಮಾಡೋ ಮುಂಚೆ ಮುಲ್ಲಾ ಕೇಳ್ತಾರೆ, ಇವನು ಎಂಥ ಮನುಷ್ಯ ಅಂತ. ‘ಒಳ್ಳೆಯವನು’ ಅಂದ್ಬಿಡು. ಎಲ್ಲರೂ ನಿನ್ನ ಬಾಯೇ ನೋಡ್ತಾರೆ.”

“ನೋಡಲಿ. ನಿಮ್ಮಪ್ಪನಿಗೆ ನಾನ್ಯಾಕೆ ಸರ್ಟಿಫಿಕೇಟ್ ಕೊಡ್ಲಿ? ಅವನೇ ಊರಿಗೆಲ್ಲ ಹಂಚಿದ್ದಾನಲ್ಲ.”

ಗುಡಾರದ ಮುಂದೆ ಕೋಲೂರಿ ನಿಂತ ಗಂಡಸರು ಗೋಳಾಡುತ್ತಿದ್ದರು. ಗೋಳಿನ ನಡುವೆ ಗೊಣಗಾಟ.

“ಮೀಟರ್ ಹಿಡ್ಕೊಂಡು ಬಂದ ಅಂದ್ರೆ ಮೊದಲು ಅಡುಗೆಮನೆ ಕಡೆ ಮೂಗು.”

“ಕುರಿ ಕೊಬ್ಬಿದಷ್ಟೂ ನಮ್ಮ ಅರ್ಥಿಂಗ್ ಚೆನ್ನಾಗಿರ್ತಿತ್ತು.”

“ಮೆಲ್ಲಗೆ ಮಾರಾಯ. ಇವತ್ತು ಸಾವಿನೂಟಕ್ಕೆ ಅವನ ಕುದುರೆ ಬೇಯ್ತಿದೆ, ತಿನ್ನಬೇಕು.”

*

ಅದಕ್ಕೂ ಹಿಂದೆ, ಒಂದು ಬೇಸಿಗೆಯ ಕೊನೆ. ಸಾಪರನ ಕೊಟ್ಟಿಗೆಯ ಹಾಲು ಕರೆಯುವ ಯಂತ್ರದಿಂದ ಕರೆಂಟು ಸೋರಿದರೆ ಮಣ್ಣಿಗಿಳಿಯಲೆಂದು ಹೂತಿದ್ದ ಕಂಬಿಯನ್ನು ಪರೀಕ್ಷಿಸಲು ಜೊಲ್ಚು ಬಂದಿದ್ದ. ದೂರದಲ್ಲಿ ಎರಡು ಗೂಟ ಬಡಿದು, ತಂತಿ ಎಳೆದು, ಮೀಟರ್ ತಿರುಗಿಸಿದ. ಒಣ ನೆಲ, ಮೀಟರಿನ ಮುಳ್ಳು ಮೇಲೇರಿ ನಿಂತಿತು. ಕರೆಂಟು ಇಳಿಯಲು ನೆಲ ಬಿಡುತ್ತಿರಲಿಲ್ಲ. ಇನ್ನೊಂದು ಕಂಬಿ ಹೂಳಬೇಕಿತ್ತು, ಹೊಂಡ ತೋಡಬೇಕಿತ್ತು. ಅಷ್ಟರಲ್ಲಿ ಊಟ ಆರಿಹೋಗುತ್ತಿತ್ತು.

“ಕಲೀಪಾ, ದನ ನೆಕ್ಕೋ ಉಪ್ಪು ಬಕೆಟಿಗೆ ಹಾಕಿ ಕರಗಿಸಿ ತಾರಮ್ಮ,” ಎಂದ ಸಾಪರನ ಹೆಂಡತಿಗೆ.

ಕಂಬಿಯ ಬುಡಕ್ಕೆ ಸುರಿದ. ಮುಳ್ಳು ಇಳಿಯಿತು.

“ನೋಡು, ನೆಲಕ್ಕೂ ಬಾಯಾರಿಕೆ ಆಗಿತ್ತು,” ಎಂದು ನಕ್ಕು, ‘ಸರಿಯಿದೆ’ ಎಂದು ಬರೆದುಕೊಟ್ಟು, ಕೈ ತೊಳೆದು ಊಟಕ್ಕೆ ಕೂತ.

ಮಳೆಗೆ ಉಪ್ಪು ತೊಳೆದುಹೋಯಿತು. ನೆಲ ಹೆಪ್ಪುಗಟ್ಟಿದ ಒಂದು ಬೆಳಗ್ಗೆ ಕಲೀಪಾ ಯಂತ್ರಕ್ಕೆ ಕೈಯಿಟ್ಟಳು. ಸಾಪರ ಬರುವಷ್ಟರಲ್ಲಿ ಹಸುವಿನ ಕಾಲಬುಡದಲ್ಲಿ ಸತ್ತು ಬಿದ್ದಿದ್ದಳು.

ಅವಳ ನಲವತ್ತನೇ ದಿನದ ಊಟಕ್ಕೂ ಜೊಲ್ಚು ಬಂದಿದ್ದ. ಮತ್ತೆ ಬಡಿಸಿಕೊಂಡ.

*

ಗುಡ್ಡದ ಮೇಲೆ, ಗುಣಿಯ ಪಕ್ಕದಲ್ಲಿ ಹೆಣವಿಟ್ಟು ಮುಲ್ಲಾ ಕೇಳಿದ, “ಜನರೇ, ಇವನು ಎಂಥ ಮನುಷ್ಯ?”

ಎಲ್ಲರೂ ಸಾಪರನತ್ತ ತಿರುಗಿದರು. ಬೆಕ್ತುರ್ ಕಣ್ಣಲ್ಲೇ ಬೇಡಿದ.

“ಬಡಿಸಿದ್ದನ್ನ ಬಿಡ್ತಿರಲಿಲ್ಲ,” ಎಂದ ಸಾಪರ.

ಯಾರೋ ಕೆಮ್ಮಿದರು. “ಒಳ್ಳೆಯವನು, ಒಳ್ಳೆಯವನು,” ಎಂದು ಉಳಿದವರು ಗಡಿಬಿಡಿಯಲ್ಲಿ ಒಟ್ಟಿಗೇ ಅಂದರು.

ಹೆಣ ಇಳಿಸಿದರು. ಬೆಕ್ತುರ್ ಮೊದಲ ಮಣ್ಣು ಹಾಕಿ, ಗುಣಿಯ ಬಳಿ ಸಲಿಕೆ ಕೈಯಿಂದ ಕೈಗೆ ಕೊಡಬಾರದಾದ್ದರಿಂದ, ಅದನ್ನು ಸಾಪರನ ಮುಂದೆ ನೆಲಕ್ಕಿಟ್ಟ. ಸಾಪರ ಅದನ್ನು ದಾಟಿಕೊಂಡು ಗುಡ್ಡ ಇಳಿದುಹೋದ.

ಸಲಿಕೆ ಅಲ್ಲೇ ಬಿದ್ದಿತ್ತು. ‘ಒಳ್ಳೆಯವನು’ ಎಂದವರು ಒಬ್ಬರ ಮುಖ ಒಬ್ಬರು ನೋಡಿದರು. ಕೆಲವರು ಟೋಪಿಯ ಧೂಳು ಕೊಡವಿಕೊಂಡರು. ಕೊನೆಗೆ ಬೆಕ್ತುರ್ ತಾನೇ ಬಗ್ಗಿ ಅದನ್ನು ಎತ್ತಿಕೊಂಡ.