ಆಯುಧಪೂಜೆಯ ದಿನ ಬಂದ ಹಂದಿಜ್ವರ

ಹಂದಿಗೆ ಜ್ವರ ಬರುವುದನ್ನು ಹಂದಿಗಿಂತ ಮೊದಲೇ ಪತ್ತೆ ಹಚ್ಚುವ ಸೆನ್ಸರನ್ನು ನಾನು ಅತ್ತಿಗುಪ್ಪೆಯ ನಮ್ಮ ಮನೆ ತಾರಸಿಯಲ್ಲಿ ಕೂತು, ಒಂದು ಮಸಾಲೆದೋಸೆಯ ಖರ್ಚಿನಲ್ಲಿ ಕಂಡುಹಿಡಿದೆ. ತಂತಿಯಿಲ್ಲ, ತಕರಾರಿಲ್ಲ. ಕಿವಿಗೆ ಸಿಕ್ಕಿಸಿದರೆ ಸಾಕು, ಮೈಬಿಸಿ ಎಷ್ಟೆಂದು ನೇರ ನನ್ನ ಫೋನಿಗೆ ಬರುತ್ತದೆ. ಚಂದ್ರನ ಮೇಲೆ ಹಂದಿ ಸಾಕಿದರೂ ಸಿಗ್ನಲ್ ಸಿಗುತ್ತದೆ. ಹೇರೋಹಳ್ಳಿಯಲ್ಲಿ ಮಾತ್ರ ಒಮ್ಮೊಮ್ಮೆ ಸಿಗುವುದಿಲ್ಲ.

ಅದೇ ಹೇರೋಹಳ್ಳಿಯ ಲಿಂಗಮ್ಮನ ಹಂದಿಗಳಿಗೆಲ್ಲ ಹಾಕಿಸಿದ್ದೆ. ಹಿಂದಿನ ಸಲ ಹುಟ್ಟಿದ ಮರಿಗಳೆಲ್ಲ ಸತ್ತಿದ್ದವು. ಗಬ್ಬದ ಹಂದಿ 'ಮೇಡಂ' ಈ ಸಲವೂ ಮರಿ ಕಳೆದುಕೊಂಡರೆ ಹಂದಿ ಶೆಡ್ ಕೆಡವಿ ಪಿಜಿ ಹಾಸ್ಟೆಲ್ ಕಟ್ಟುತ್ತೇನೆಂದು ಮಗ ಕಾಂತರಾಜು ಹಟ ಹಿಡಿದಿದ್ದ. ಶೆಡ್ ಹೋದ ಮೇಲೆ ತಾನಿದ್ದೇನು ಪ್ರಯೋಜನ ಎಂದು ಲಿಂಗಮ್ಮ ಕಂಡಕಂಡವರ ಮುಂದೆ ಗೋಳಾಡುತ್ತಿದ್ದಳು.

ಆಯುಧಪೂಜೆಯ ಬೆಳಿಗ್ಗೆ ನನ್ನ ಫೋನು ಊಳಿಟ್ಟಿತು. ಅಷ್ಟೂ ಹಂದಿಗಳಿಗೆ ಎಪ್ಪತ್ತು ಡಿಗ್ರಿ ಸೆಲ್ಸಿಯಸ್ ಜ್ವರ! ಅಷ್ಟು ಬಿಸಿಗೆ ಹಂದಿ ಬದುಕುವುದಿರಲಿ, ಅರ್ಧ ಬೆಂದೇ ಹೋಗಿರಬೇಕು. ಜಗತ್ತು ಕಾಣದ ರೋಗ. ಅದಕ್ಕೆ ನನ್ನ ಹೆಸರನ್ನೇ ಇಡಿಸಬೇಕೆಂದುಕೊಂಡೆ. ಪಶುವೈದ್ಯೆ ಸ್ಪಂದನ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮಾಗಡಿ ರಸ್ತೆ ಹಿಡಿದೆ. ಬಾಳೆಕಂದು ಕಟ್ಟಿಕೊಂಡ ಬಸ್ಸುಗಳೆಲ್ಲ ಗಾಬರಿಯಿಂದ ದಾರಿ ಬಿಟ್ಟವು.

ಶೆಡ್ಡಿನಲ್ಲಿ ನೋಡಿದರೆ ಹಂದಿಗಳು ಹಾಯಾಗಿ ಚೌಟ್ರಿಯಲ್ಲಿ ಉಳಿದ ಬಿಸಿಬೇಳೆಬಾತ್ ಮುಕ್ಕುತ್ತಿದ್ದವು. ಕಿವಿಗಳು ಖಾಲಿ!

"ಅಕ್ಕ, ಸೆನ್ಸರ್ ಎಲ್ಲಿ?" ಎಂದು ಲಿಂಗಮ್ಮನನ್ನು ಕೇಳಿದೆ.

"ದೇವ್ರ ಮುಂದೆ ಇಟ್ಟಿದೀನಿ ಕಣಪ್ಪ. ಇವತ್ತೂ ಅವುಕ್ಕೆ ಕೆಲ್ಸ ಹೇಳ್ತಾರಾ? ಮಚ್ಚು, ಕುಡ್ಲು, ನನ್ ಮಗನ ಬೈಕು, ಎಲ್ಲಕ್ಕೂ ರಜ."

ನಿಜ. ಮಚ್ಚಿನ ಪಕ್ಕದಲ್ಲಿ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂ ಮುಡಿದು, ಎರಡು ದೀಪಗಳ ನಡುವೆ ನನ್ನ ಸಂಶೋಧನೆ ಬೇಯುತ್ತಿತ್ತು.

"ಗುರು, ದೀಪಕ್ಕೆ ಜ್ವರ ಬಂದಿದೆ, ಇಂಜೆಕ್ಷನ್ ಕೊಡ್ಸು," ಎಂದು ಕಾಂತರಾಜು ಹಲ್ಲು ಕಿರಿದ.

"ಅಲ್ರೀ, ಹಬ್ಬದ ಕೆಲ್ಸ ಬಿಡಿಸಿ ಇದಕ್ಕಾ ಕರ್ಕೊಂಡ್ ಬಂದಿದ್ದು?" ಎಂದು ನನಗೆ ಉಗಿಯುತ್ತಿದ್ದ ಡಾಕ್ಟರ್ ಥಟ್ಟನೆ ಮೂಲೆಯ ಕಡೆ ನೋಡಿದರು. ಗಬ್ಬದ ಹಂದಿ ಮೇಡಂ ಒಂದೇ ಊಟಕ್ಕೆ ಎದ್ದಿರಲಿಲ್ಲ. ಬಿದ್ದುಕೊಂಡು ತಿಣುಕುತ್ತಿತ್ತು.

"ಮರಿ ಅಡ್ಡ ಸಿಕ್ಕೊಂಡಿದೆ! ಬಿಸಿನೀರು, ಸೋಪು ತನ್ನಿ, ಬೇಗ!"

ಲಿಂಗಮ್ಮ ಮೇಡಂ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಡಾಕ್ಟರ್ ಮೊಣಕೈವರೆಗೆ ಕೈ ಹಾಕಿ ಮೊದಲ ಮರಿಯನ್ನು ಎಳೆದರು. ಅದು ಸದ್ದಿಲ್ಲದೆ ನೇತಾಡಿತು. ಮೂಗೊರೆಸಿ, ಬೆನ್ನು ಉಜ್ಜಿ, ಮತ್ತೆ ಉಜ್ಜಿದ ಮೇಲೆ ಕೆಂಗೇರಿಗೆ ಕೇಳುವಂತೆ ಕಿರುಚಿತು. ಉಳಿದವು ಮೆಟ್ರೋ ಬಾಗಿಲು ತೆರೆದ ಹಾಗೆ ಇಳಿದವು. ನನ್ನ ಲೆಕ್ಕದಲ್ಲಿ ನೂರು. ಬೇರೆಯವರಿಗೆ ಹನ್ನೊಂದು ಕಂಡವು.

"ಇನ್ನೊಂದು ಗಂಟೆ ಬಿಟ್ಟಿದ್ರೆ ತಾಯೀನೂ ಉಳೀತಿರ್ಲಿಲ್ಲ," ಎಂದರು ಡಾಕ್ಟರ್.

"ನಿಂತ್ಕೊಂಡು ಏನ್ ನೋಡ್ತೀಯೋ? ಗೋಣಿಚೀಲ ತಗೊಂಬಾ, ಮರಿಗೆ ಚಳಿ," ಎಂದು ಲಿಂಗಮ್ಮ ಮಗನನ್ನು ಗದರಿದಳು. ಕಾಂತರಾಜು ಪಿಜಿ ಮರೆತು ಓಡಿದ. ಆಮೇಲೆ ಲಿಂಗಮ್ಮ ನನ್ನ ಕಡೆ ತಿರುಗಿ, "ಪೂಜೆ ಫಲ ಕಣಪ್ಪ," ಎಂದಳು.

ಹಬ್ಬದ ದಿನ ವಾದ ಬೇಡ. ಆದರೆ ಹಂದಿಯ ಮೈ ಮುಟ್ಟದೆಯೇ ಹಂದಿಯ ಕಷ್ಟ ತಿಳಿಯುವ ಸೆನ್ಸರ್ ಇಡೀ ಜಗತ್ತಿನಲ್ಲಿ ನನ್ನದೊಂದೇ.