ಅವನ ಬಳ್ಳಿ

ಓಬಳೇಶ ತಿಪಟೂರಿನ ಕಾಲೇಜಿಗೆ ಬಂದಾಗ ಅವನ ಕೈಯಲ್ಲಿ ನೀರು ಸೋರುವ ಗೋಣಿಚೀಲವೊಂದಿತ್ತು. ಸಸ್ಯಶಾಸ್ತ್ರದ ಅಧ್ಯಾಪಕಿ ವನಿತಾಗೆ ಇಂಥವರು ಹೊಸಬರಲ್ಲ. ತೆಂಗಿನ ಗರಿ ಹಳದಿಯಾದರೆ, ಕುರಿ ಯಾವುದೋ ಸೊಪ್ಪು ತಿಂದು ಹೊಟ್ಟೆ ಉಬ್ಬಿಸಿಕೊಂಡರೆ, ಸುತ್ತಲಿನವರು ಒಂದು ಕೊಂಬೆ ಮುರಿದುಕೊಂಡು ಬಂದು ಅವಳ ಮೇಜಿನ ಮೇಲಿಡುತ್ತಿದ್ದರು. ಓಬಳೇಶನೂ ಚೀಲದಿಂದ ಬಳ್ಳಿಯ ತುಂಡೊಂದನ್ನು ತೆಗೆದಿಟ್ಟ, ಆದರೆ ಔಷಧಿ ಕೇಳಲಿಲ್ಲ.

"ಇದರ ಹೆಸರೇನು ಅಂತ ಹೇಳ್ಬುಡಿ ಮೇಡಂ. ಅಷ್ಟೇ ಸಾಕು."

"ನಿಮ್ಮ ಕಡೆ ಏನಂತೀರಿ ಇದನ್ನ?"

ಓಬಳೇಶ ತಲೆ ಕೆರೆದುಕೊಂಡ. "ಅವನ ಬಳ್ಳಿ ಅಂತೀವಿ. ಅವನು ಅಂದ್ರೆ ಯಾರು ಅಂತ ನನ್ನ ಕೇಳ್ಬೇಡಿ. ನಮ್ಮವ್ವ ಒಬ್ಳಿಗೇ ಗೊತ್ತು."

ಹುಳಿಯಾರಿನಾಚೆಯ ಒಂದು ಹಟ್ಟಿ ಅವನದು. ಒಂದಿಷ್ಟು ಕುರಿ, ಒಂದು ತೆಂಗಿನ ತೋಟ. ಅವನ ತಾಯಿ ಮಂಜಮ್ಮ ಎಪ್ಪತ್ತರ ಗಟ್ಟಿ ಹೆಂಗಸು. ಈಚೆಗೆ ಆಕೆ ಊಟ ಬಿಟ್ಟಿದ್ದಳು. ಮಟಮಟ ಮಧ್ಯಾಹ್ನ ಆ ಬಳ್ಳಿಯ ಬುಡದಿಂದ ಗಂಡಸೊಬ್ಬ ಅರಿಯದ ಭಾಷೆಯಲ್ಲಿ ಏನನ್ನೋ ಕೇಳುತ್ತಾನಂತೆ. ಮಾತು ಅರ್ಥವಾಗದು, ಆದರೆ ಹೆಸರು ಕೇಳುತ್ತಿದ್ದಾನೆ ಎಂದು ಮಾತ್ರ ಆಕೆಗೆ ತಿಳಿಯುತ್ತದಂತೆ. ಡಾಕ್ಟರು ನೋಡಿದ್ದಾಯಿತು. ಎಲ್ಲ ಸರಿಯಾಗಿದೆ ಎಂದು ಕಳಿಸಿದ್ದರು. ಬಳ್ಳಿಯ ಹೆಸರಾದರೂ ತಿಳಿದರೆ ಅವ್ವ ಸಮಾಧಾನವಾದಾಳು ಎಂಬ ಆಸೆಯಿಂದ ಓಬಳೇಶ ಬಸ್ಸು ಹತ್ತಿದ್ದ.

ವನಿತಾ ಬಳ್ಳಿಯ ತುಂಡನ್ನು ಕಾಗದದ ಮೇಲೆ ಹರಡಿದಳು. ಎದುರುಬದುರಾಗಿ ಹುಟ್ಟಿದ ದಪ್ಪ ಎಲೆಗಳು, ಮೇಲ್ಭಾಗ ಎಣ್ಣೆ ಸವರಿದಂತೆ ಹೊಳಪು. ನಡುನರದಿಂದ ಎರಡೂ ಕಡೆಗೆ ಬಾಚಣಿಗೆ ಹಲ್ಲಿನಂತೆ ಒತ್ತೊತ್ತಾಗಿ ಹೊರಟ ಕಿರುನರಗಳು. ಮಲ್ಲಿಗೆಯಂಥ ಬಿಳಿ ಹೂಗೊಂಚಲು, ಐದೈದು ಎಸಳು, ಒಂದರ ಅಂಚು ಇನ್ನೊಂದರ ಮೇಲೆ ಎಡಕ್ಕೆ ಹೊದ್ದುಕೊಂಡಿತ್ತು. ಮುರಿದ ಕಡೆಯೆಲ್ಲ ಬಿಳಿ ಹಾಲು. ಕಣಗಿಲೆಯ ಕುಟುಂಬದ್ದು ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಬೇಲಿಗಳಲ್ಲಿ ನೇರಳೆ ಹೂ ಬಿಡುವ ರಬ್ಬರ್ ಬಳ್ಳಿಯೇ ಇರಬಹುದೆಂದು ಮೊದಲು ಅಂದುಕೊಂಡಳು. ಆದರೆ ಅದಕ್ಕೆ ಇಂಥ ಕುಡಿಗಳಿಲ್ಲ. ಇದರ ಕೊಂಬೆಯ ತುದಿಯಲ್ಲಿ ಹೂವಿನ ತೊಟ್ಟೇ ಹೂ ಬಿಡುವುದನ್ನು ಮರೆತು ಕೊಕ್ಕೆಯಾಗಿ ಬಾಗಿ, ಹಿಡಿಯಲು ಏನಾದರೂ ಸಿಕ್ಕೀತೇ ಎಂದು ತಡಕಾಡುವಂತೆ ಚಾಚಿಕೊಂಡಿತ್ತು.

"ಹಣ್ಣು ನೋಡ್ಬೇಕು. ನಾನೇ ಬರ್ತೀನಿ," ಎಂದಳು.

ಹಟ್ಟಿಯ ಹಿಂದಿನ ತೋಟ ಹಳ್ಳಕ್ಕೆ ಮುಟ್ಟುವ ಕಡೆ ಒಂದು ಹುಣಸೆಮರವಿತ್ತು. ಇತ್ತು ಎನ್ನುವುದಷ್ಟೇ ಸರಿ. ಮರ ಎಂದೋ ಸತ್ತು, ಅದನ್ನು ತಬ್ಬಿದ್ದ ಬಳ್ಳಿ ಮಾತ್ರ ಅದರ ಆಕಾರದಲ್ಲಿ ನಿಂತಿತ್ತು. ಬುಡ ಆಳಿನ ತೊಡೆಯಷ್ಟು ದಪ್ಪ. ಅಲ್ಲಿಂದ ಅದು ಪಕ್ಕದ ತೆಂಗಿನ ಮರಗಳಿಗೂ ಏರಿ ಹೊಂಬಾಳೆಗಳನ್ನು ಸುತ್ತಿಕೊಂಡಿತ್ತು. ಕಡಿದುಬಿಡೋಣ ಎಂದು ಓಬಳೇಶ ಎಷ್ಟು ಸಲ ಅಂದರೂ ಮಂಜಮ್ಮ ಬಿಟ್ಟಿರಲಿಲ್ಲ. ತೋಟದ ತುಂಬ ಗಿಳಿ, ಅಳಿಲು, ಬೋರ್‌ವೆಲ್ ಮೋಟಾರಿನ ಸದ್ದು. ಬಳ್ಳಿಯ ನೆರಳಿಗೆ ಕಾಲಿಟ್ಟೊಡನೆ ಕಿವಿಗೆ ಹತ್ತಿ ತುರುಕಿದಂತೆ ಎಲ್ಲವೂ ನಿಂತುಹೋಯಿತು. ಅಂಚಿನ ತೆಂಗಿಗೆ ಹಬ್ಬಿದ್ದ ಕೊಂಬೆಯನ್ನಷ್ಟೇ ಕತ್ತರಿಸಿ ತಂದಿದ್ದ ಓಬಳೇಶ ಈಗಲೂ ನೆರಳಿನ ಹೊರಗೇ ಉಳಿದ.

ಸಣ್ಣ ಕಿತ್ತಳೆಯಷ್ಟು ಗಾತ್ರದ ಹಣ್ಣುಗಳು ಕೈಗೆಟಕುವಂತೆ ತೂಗುತ್ತಿದ್ದವು. ಗಟ್ಟಿ ಸಿಪ್ಪೆ, ಒಳಗೆ ನಾರು ನಾರಾದ ಹಳದಿ ತಿರುಳು, ಅದರಲ್ಲಿ ಹೂತ ಬೀಜಗಳು. ವನಿತಾ ನಾಲಿಗೆಗೆ ತಗುಲಿಸಿ ನೋಡಿದಳು, ಹುಳಿ. ಹಾಲು ಎಷ್ಟು ಬೇಗ ಗಟ್ಟಿಯಾಗುತ್ತದೆಂದು ನೋಡಲು ಬ್ಲೇಡಿನಿಂದ ತೊಗಟೆಯ ಮೇಲೊಂದು ಗೀರು ಹಾಕಿದಳು. ಹಾಲು ಚಿಮ್ಮಿ ಮಣಿಕಟ್ಟಿನ ಸುತ್ತ ಹರಿಯಿತು. ಒರೆಸಿಕೊಳ್ಳುವಷ್ಟರಲ್ಲಿ ಅದು ಬಿಗಿದಿತ್ತು. ಒಣಗಿದ ಅಂಟು ಬಿಗಿಯುವ ಹಾಗಲ್ಲ. ಯಾರೋ ಬೆರಳುಗಳನ್ನು ಒಂದೊಂದಾಗಿ ಇಟ್ಟು, ಬಿಡಬೇಡ ಎಂಬಂತೆ ಹಿಡಿದ ಹಾಗೆ. ಅವಳು ಗಾಬರಿಯಿಂದ ಕಿತ್ತೆಳೆದಳು. ಹಾಲು ತೊಗಲಿನಂತೆ ಒಂದೇ ಪಟ್ಟಿಯಾಗಿ ಸುಲಿದು ಬಂತು. ಅದರ ಜೊತೆಗೇ ಕೈಯ ನವಿರು ಕೂದಲೂ ಬುಡಸಮೇತ ಕಿತ್ತು ಬಂದವು.

"ಹಂಗೇ ಸುಲೀತಿದ್ರಂತೆ ಕಣವ್ವಾ," ಎಂದು ಹಿಂದಿನಿಂದ ದನಿ ಬಂತು. ಮಂಜಮ್ಮ ಕೋಲೂರಿಕೊಂಡು ನಿಂತಿದ್ದಳು. "ಮೈಗೆಲ್ಲ ಬಳ್ಕೊಂಡು, ಬಿಸಿಲಿಗೆ ಒಣಗ್ಸಿ, ಸುಲೀತಿದ್ರಂತೆ. ದೊರೆಗಳಿಗೆ ರಬ್ಬರು ಬೇಕಿತ್ತಲ್ಲ. ಅದಕ್ಕೇ ಅವನ ಎದೆ ಮ್ಯಾಲೆ, ತೋಳಿನ ಮ್ಯಾಲೆ ಒಂದು ಕೂದ್ಲೂ ಇರಲಿಲ್ವಂತೆ."

"ಯಾರಮ್ಮಾ ಅವನು?"

ಮಂಜಮ್ಮ ಹೇಳಿದಳು. ಅವಳು ಮದುವೆಯಾಗಿ ಬಂದಾಗ ಗಂಡನ ತಾತ ಮಾಯಣ್ಣ ಇನ್ನೂ ಇದ್ದ. ಕಣ್ಣು ಹೋಗಿತ್ತು. ಅವನಿಗೆ ನೀರು ಹುಯ್ಯುವುದು, ಉಣ್ಣಿಸುವುದು ಹೊಸ ಸೊಸೆಯ ಪಾಲಿಗೆ ಬಂದಿತ್ತು. ಬೇರೆ ಯಾರಿಗೂ ಹೇಳದ್ದನ್ನು ಅವನು ಆ ಹುಡುಗಿಗೆ ಹೇಳಿದ. ಹರೆಯದಲ್ಲಿ ಅವನು ಮೊದಲ ಮಹಾಯುದ್ಧಕ್ಕೆ ಹೇಸರಗತ್ತೆ ಕಾಯುವ ಆಳಾಗಿ ಹಡಗು ಹತ್ತಿ ಆಫ್ರಿಕಾದ ಕಾಡಿಗೆ ಹೋಗಿದ್ದ. ದಂಡು ಮುಂದೆ ಹೋಗಿ, ಇವನು ಜ್ವರದಲ್ಲಿ ಹಿಂದುಳಿದಾಗ ಅಲ್ಲಿಯ ಹೊರೆಯಾಳೊಬ್ಬ ಇವನನ್ನು ಹೆಗಲ ಮೇಲೆ ಹೊತ್ತು ನಡೆದ. ತಿನ್ನಲು ಏನೂ ಇಲ್ಲದಾಗ ಈ ಬಳ್ಳಿಯ ಹಣ್ಣು ಹಿಂಡಿ ಬಾಯಿಗೆ ಬಿಟ್ಟ. ಇವನು ಎದ್ದ. ಆಮೇಲೆ ಅವನು ಮಲಗಿದ.

"ದಂಡು ಸಿಕ್ತಂತೆ. ಹೊಂಡ್ರೋ ಅಂತ ಕೂಗಿದ್ರಂತೆ. ಇವನು ಅವನ್ನ ಬಳ್ಳಿ ಬುಡಕ್ಕೆ ಒರಗ್ಸಿ ಎದ್ದನಂತೆ. ಅವನು ಕೈ ಹಿಡ್ಕೊಂಡನಂತೆ ಕಣವ್ವಾ, ಇಲ್ಲಿ." ಮಂಜಮ್ಮ ತನ್ನ ಮಣಿಕಟ್ಟು ತೋರಿಸಿದಳು. "ನಮ್ಮ ತಾತ ಕಿತ್ಕೊಂಡು ಬಂದ. ಕೈಲಿದ್ದ ಹಣ್ಣಿನ ಬೀಜ ಚೆಲ್ಲೋಕೆ ಮನಸಾಗ್ಲಿಲ್ಲ. ತೆಂಗಿನ ಚಿಪ್ಪಲ್ಲಿ ಒದ್ದೆ ನಾರು ತುಂಬಿ, ಹಡಗಲ್ಲಿ ಕಾಪಾಡ್ಕೊಂಡು ತಂದು ಇಲ್ಲಿ ಹೂತ. ಅವನ ಹೆಸರು ಮಾತ್ರ ಕೇಳಿರಲಿಲ್ಲ. ಈಗ ಅದನ್ನೇ ನನ್ನ ಕೇಳ್ತಾ ಅವ್ನೆ."

ತಿಪಟೂರಿಗೆ ಮರಳಿದ ಮೇಲೆ ವನಿತಾ ಹೂವನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಎಲೆ, ಕುಡಿ, ಹಣ್ಣು, ಬೀಜ ಒಂದೊಂದನ್ನೂ ಪೂರ್ವ ಆಫ್ರಿಕಾದ ಸಸ್ಯವಿವರಣೆಗಳ ಜೊತೆ ಹೋಲಿಸಿದಳು. ಬೇರೆ ಜಾತಿಗಳು ಒಂದೊಂದಾಗಿ ಬಿದ್ದುಹೋಗಿ ಕೊನೆಗೆ ಒಂದೇ ಉಳಿಯಿತು: ಲ್ಯಾಂಡಾಲ್ಫಿಯಾ ಕಿರ್ಕಿ. ಬೇರೆ ಸಮಯದಲ್ಲಾಗಿದ್ದರೆ ಕುಣಿದಾಡುತ್ತಿದ್ದಳು. ಈಗ ಹಾಗೆನ್ನಿಸಲಿಲ್ಲ. ಒತ್ತಿಟ್ಟಿದ್ದ ಮಾದರಿಯನ್ನು ಬಿಚ್ಚಿದಾಗ ಕಾಗದದ ಮೇಲೆ ಹಾಲು ಸೋರಿ ಒಣಗಿತ್ತು, ಅದರೊಳಗೆ ಕೂದಲುಗಳಿದ್ದವು. ಗಿಡ್ಡ, ಕಪ್ಪು, ಉಂಗುರುಂಗುರವಾದವು. ಅವಳ ಕೂದಲು ಹಾಗಿರಲಿಲ್ಲ. ಅವಳು ಆ ಕಾಗದವನ್ನು ಎಸೆಯಲೂ ಇಲ್ಲ, ಯಾರಿಗೂ ತೋರಿಸಲೂ ಇಲ್ಲ.

ಮತ್ತೆ ಹಟ್ಟಿಗೆ ಹೋಗಿ ಮಂಜಮ್ಮನಿಗೆ ಹೆಸರು ಹೇಳಿದಳು.

"ಕಿರ್ಕಿ ಅಂದ್ರೆ ಏನವ್ವಾ?"

"ಕಿರ್ಕ್ ಅಂತ ಒಬ್ಬ ಬ್ರಿಟಿಷ್ ದೊರೆ ಇದ್ದ. ಅವನ ನೆನಪಿಗೆ ಇಟ್ಟಿರೋ ಹೆಸರು."

ಮಂಜಮ್ಮ ಕೋಲನ್ನು ನೆಲಕ್ಕೆ ಕುಟ್ಟಿದಳು. "ದೊರೆ ಹೆಸರು ತಗೊಂಡೋಗಿ ಅವನ ಮುಂದೆ ಹೆಂಗವ್ವಾ ಹೇಳ್ಲಿ? ಮೈ ತೊಗಲು ಸುಲಿಸಿದೋರ ಹೆಸರ?"

ವನಿತಾ ತನ್ನ ಟಿಪ್ಪಣಿ ಪುಸ್ತಕ ತಿರುವಿದಳು. ಅವಳು ಓದಿದ್ದರಲ್ಲಿ ಆ ಕರಾವಳಿಯ ಜನ ಈ ಹಣ್ಣಿಗೆ ಇಟ್ಟ ಹೆಸರೂ ಇತ್ತು. "ಅಲ್ಲಿಯೋರು ಇದನ್ನ ಬುಂಗೊ ಅಂತಾರಂತಮ್ಮಾ," ಎಂದಳು.

"ಅದಾದ್ರೂ ಅವನ ಬಾಯಿನ ಮಾತು. ಬಾ."

ನೆತ್ತಿ ಸುಡುವ ಹೊತ್ತು. ಓಬಳೇಶ ಬೇಡ ಎಂದರೂ ಕೇಳದೆ ಮಂಜಮ್ಮ ಬಳ್ಳಿಯ ಬುಡದಲ್ಲಿ ಕೂತು, ಹಣ್ಣೊಂದನ್ನು ಬೇರಿನ ಮೇಲಿಟ್ಟು, "ಬುಂಗೊ," ಎಂದಳು. ಗಾಳಿಯಿರಲಿಲ್ಲ. ಆದರೂ ಮೇಲಿನ ಕುಡಿಗಳೆಲ್ಲ ಒಮ್ಮೆ ಅಲುಗಿದವು. ವನಿತಾ ಕಿವಿಯಿಟ್ಟು ಕೇಳಿದಳು. ಮಾತು ಕೇಳಿಸಲಿಲ್ಲ. ಆದರೆ ಬುಡದ ಆಚೆ ಬದಿಯಲ್ಲಿ ಒರಗಿ ಕೂತವರು ಕಷ್ಟಪಟ್ಟು ಎಳೆದುಕೊಳ್ಳುವಂಥ ಉಸಿರು ಕೇಳಿಸಿತು.

"ಅಳ್ತಾ ಅವ್ನೆ," ಎಂದಳು ಮಂಜಮ್ಮ. ಸ್ವಲ್ಪ ಹೊತ್ತಿನ ಮೇಲೆ ಅವಳ ಮುಖ ಬೇರೆಯಾಯಿತು. "ಅಯ್ಯೋ, ನಾನೆಂಥ ದಡ್ಡಿ! ಅವನ ಹೆಸರು ಅವನಿಗೆ ಗೊತ್ತಿಲ್ವೇನೇ? ನನ್ನ ಬಾಯಲ್ಲಿ ಯಾಕೆ ಕೇಳ್ತಾನೆ? ಬಿಟ್ಟೋದನಲ್ಲ, ಅವನು ಯಾರು ಅಂತ ಕೇಳ್ತಾ ಅವ್ನೆ!"

ಅವಳು ಎರಡೂ ಕೈಯಿಂದ ಬಳ್ಳಿಯನ್ನು ಹಿಡಿದುಕೊಂಡಳು. "ಮಾಯಣ್ಣ ಅಂತ ಕಣಪ್ಪ. ನಮ್ಮ ತಾತ. ನಿನ್ನ ಬಿಟ್ಟು ಬಂದ, ಬದುಕ್ದ, ಮಕ್ಕಳು ಮರಿ ಕಂಡ. ನಾನು ಅವನ ಮನೆ ಸೊಸೆ, ಮಂಜಮ್ಮ. ಓ ಅಲ್ಲಿ ನಿಂತವ್ನಲ್ಲ, ಅವನು ನನ್ನ ಮಗ. ನೀನು ಉಳಿಸಿದ್ದಕ್ಕೇ ನಾವೆಲ್ಲ ಇದ್ದೀವಿ. ನಿನ್ನ ಬಿಟ್ಟು ಬಂದಿದ್ದು ತಪ್ಪು. ತಪ್ಪಾಯ್ತು ಕಣಪ್ಪ."

ಹೊರಗೆ ನಿಂತಿದ್ದ ಓಬಳೇಶ ಚಪ್ಪಲಿ ಬಿಟ್ಟು ಒಳಗೆ ಬಂದ. ಹುಟ್ಟಿದಾಗಿನಿಂದ ಅವನು ಆ ನೆರಳಿಗೆ ಕಾಲಿಟ್ಟಿರಲಿಲ್ಲ. ತಾಯಿಯ ಪಕ್ಕ ಮೊಣಕಾಲೂರಿ ನೆಲ ಮುಟ್ಟಿದ. ಆ ಉಸಿರು ಇನ್ನೊಂದು ಸಲ ಎಳೆದು ಬಂತು, ಮತ್ತೆ ಬರಲಿಲ್ಲ. ಎಲ್ಲಿಂದಲೋ ಒಂದು ಗಿಳಿ ಹಾರಿ ಬಂದು ಹುಣಸೆಯ ಒಣಕೊಂಬೆಯ ಮೇಲೆ ಕೂತು ಕಿರುಚಿತು.

ಅವತ್ತು ಮಂಜಮ್ಮ ಮುದ್ದೆ ಉಂಡಳು, ಎರಡನೆಯ ಸಲ ಸಾರು ಹಾಕಿಸಿಕೊಂಡಳು. ಬಳ್ಳಿ ಕಡಿಯುವ ಮಾತನ್ನು ಓಬಳೇಶ ಮತ್ತೆಂದೂ ಎತ್ತಲಿಲ್ಲ. ಅದು ಹಿಡಿದ ತೆಂಗಿನ ಮರಗಳನ್ನು ಅದಕ್ಕೇ ಬಿಟ್ಟುಕೊಟ್ಟ.

ವನಿತಾ ಅಂದು ಬಳ್ಳಿಯಿಂದ ಹೊಸದಾಗಿ ಕತ್ತರಿಸಿಕೊಂಡ ಮಾದರಿಗಳ ಕಟ್ಟನ್ನು ಎದೆಗವಚಿಕೊಂಡು ಸಂಜೆಯ ಸರ್ಕಾರಿ ಬಸ್ಸು ಹತ್ತಿದಳು. ಬಸ್ಸು ತುಂಬಿ ಜನ ಬಾಗಿಲಲ್ಲಿ ಜೋತುಬಿದ್ದಿದ್ದರು. ಅವಳಿಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ಅವಳ ಪಕ್ಕದ ಸೀಟು ಖಾಲಿ ಇತ್ತು. ಮಗು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಅದರ ಹತ್ತಿರ ಬಂದು, ತಡೆದು, ಮುಂದೆ ಹೋದಳು. ಕಂಡಕ್ಟರ್ ವನಿತಾಳ ಆಧಾರ್ ನೋಡಿ ಹೆಂಗಸರ ಉಚಿತ ಟಿಕೆಟ್ ಹರಿದುಕೊಟ್ಟ.

"ನಿಮ್ಮ ಜೊತೇಲಿರೋರು ಎಲ್ಲಿಗೆ ಮೇಡಂ? ಗಂಡಸರಿಗೆ ಫ್ರೀ ಇಲ್ಲ."

ವನಿತಾ ಪಕ್ಕಕ್ಕೆ ತಿರುಗಲಿಲ್ಲ. ಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು, "ತಿಪಟೂರಿಗೆ, ಒಂದು," ಎಂದು ದುಡ್ಡು ಕೊಟ್ಟಳು. ತಿಪಟೂರು ಬರುವವರೆಗೂ ಆ ಸೀಟಿನಲ್ಲಿ ಯಾರೂ ಕೂರಲಿಲ್ಲ.