ಅಧ್ಯಕ್ಷರ ಕಾರಿಗೆ ಫ್ಯಾನ್

ಪುಂಜಾಲಕಟ್ಟೆಯ ಆಟೋ ಇಲೆಕ್ಟ್ರಿಷಿಯನ್ ಹುಕ್ರಪ್ಪನಿಗೆ ಲೋಕದ ಮೇಲೆ ಅಸಹ್ಯ ಹುಟ್ಟಲು ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ಯಾರದ್ದಾದರೂ ಕಾರಿನ ಬಾನೆಟ್ ಎತ್ತಿದರೆ ಸಾಕಿತ್ತು. ಫ್ಯೂಸಿನ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ, ವಯರಿನ ಗಾಯಕ್ಕೆ ಸೆಲ್ಲೋಟೇಪು, ಬ್ಯಾಟರಿಯ ಮೇಲೆ ಸತ್ತ ಇಲಿ. ಇದನ್ನೆಲ್ಲ ಓಡಿಸುವವರು ಮಾತ್ರ ಇಸ್ತ್ರಿ ಹಾಕಿದ ಬಿಳಿ ಅಂಗಿಯವರು.

ಮೂಡುಬಿದಿರೆಯ ಶಶಿರಾಜ್ ಆ ದಿನ ತೊಟ್ಟದ್ದೂ ಬಿಳಿಯೇ. ತಂದೆಯ ಕಾಲದ ಅಂಬಾಸಿಡರ್ ತಂದು ನಿಲ್ಲಿಸಿ, ಡಿಕ್ಕಿಯಿಂದ ಒಂದು ಪೆಟ್ಟಿಗೆ ತೆಗೆದ.

"ಹುಕ್ರಪ್ಪಣ್ಣ, ಈ ಫ್ಯಾನ್ ಹಾಕಿ ಕೊಡಿ. ಆನ್‌ಲೈನಿನಲ್ಲಿ ತರಿಸಿದ್ದು. ತಿರುಗುವಾಗ ನೀಲಿ ಲೈಟು ಬರ್ತದೆ."

"ಲೈಟು ಯಾರಿಗೆ? ರೇಡಿಯೇಟರಿಗಾ?"

ಕಾರು ಚಾರ್ಮಾಡಿ ಘಾಟಿಯಲ್ಲಿ ಮೂರು ಸಲ ರೇಡಿಯೇಟರಿನ ನೀರು ಕುದಿದು ನಿಂತಿತ್ತು. ಬೆಲ್ಟಿನಿಂದ ತಿರುಗುವ ಹಳೆಯ ಫ್ಯಾನು ನಿಧಾನದ ಏರಿನಲ್ಲಿ ಗಾಳಿಯನ್ನೇ ಎಳೆಯುತ್ತಿರಲಿಲ್ಲ. ಕಳೆದ ಸಲ ಶಶಿರಾಜನ ತಾಯಿ ಕಮಲಾವತಿಯಮ್ಮ ತಿರುವಿನ ಕಟ್ಟೆಯ ಮೇಲೆ ಎರಡು ಗಂಟೆ ಕೂತಿದ್ದರು. ಅವರ ಬಲ ಮೊಣಕಾಲು ಮಡಚುವುದಿಲ್ಲ. ಕಾಲು ನೀಡಿ ಕೂರಲು ಆ ಅಂಬಾಸಿಡರಿನ ಸೀಟೇ ಆಗಬೇಕು. ಬರುವ ಭಾನುವಾರ ಅದರಲ್ಲೇ ಘಾಟಿಯ ಮೇಲಿನ ಕೊಟ್ಟಿಗೆಹಾರದ ತಂಗಿಯ ಮನೆಗೆ ಹೊರಟಿದ್ದರು.

ಹುಕ್ರಪ್ಪ ಪೆಟ್ಟಿಗೆಯ ಫ್ಯಾನನ್ನು ರೇಡಿಯೇಟರಿಗೆ ಹಿಡಿದು ನೋಡಿದ. ಎರಡೂ ಬದಿಗೆ ಎರಡೆರಡು ಬೆರಳು ಹೊರಗೆ. ಇದು ನೀರು ತಣಿಸುವುದಕ್ಕಲ್ಲ, ಬಾನೆಟ್ ಎತ್ತಿ ನೆಂಟರಿಗೆ ತೋರಿಸುವುದಕ್ಕೆ. ಅವನ ಮುಖ ಹಾಗಲಕಾಯಿ ತಿಂದವನದ್ದಾಯಿತು.

"ವಾಪಸು ಕಳಿಸಿ. ಬೇರೆ ನಾನು ತರ್ತೇನೆ."

ಇಂಜಿನ್ ಬದಿಯಲ್ಲಿ ಮೂರು ಬೆರಳಿನಷ್ಟೂ ಜಾಗ ಇರಲಿಲ್ಲ, ಮೋಟಾರು ಕೂರುವಂತಿಲ್ಲ. ಹಾಗಾಗಿ ಫ್ಯಾನು ರೇಡಿಯೇಟರಿನ ಮುಂದೆ, ಗ್ರಿಲ್ಲಿನ ಹಿಂದೆ ಕೂತು, ಗಾಳಿಯನ್ನು ಒಳಗೆ ನೂಕಬೇಕು. ಅಂಥದ್ದನ್ನು ಹುಡುಕಿಕೊಂಡು ಅವನು ಬಂಟ್ವಾಳಕ್ಕೆ, ಮಹಮ್ಮದ್ ಕುಂಞಿಯ ಗುಜರಿ ಅಂಗಡಿಗೆ ಹೋದ. ಕುಂಞಿ ಐದು ಫ್ಯಾನು ತಂದು ನೆಲಕ್ಕೆ ಹಾಕಿದ. ನಾಲ್ಕು ಹಿಂದಿನಿಂದ ಎಳೆಯುವಂಥವು.

"ಎಂತ ಮಾರಾಯ, ಎರಡು ವಯರು ಅದಲುಬದಲು ಮಾಡಿದ್ರೆ ಉಲ್ಟಾ ತಿರುಗ್ತದಲ್ಲ," ಅಂದ ಕುಂಞಿ.

"ತಿರುಗ್ತದೆ. ರೆಕ್ಕೆಯ ಬಾಗು ತಿರುಗ್ತದಾ? ಅರ್ಧ ಗಾಳಿ ಬರ್ತದೆ. ನೀವೆಲ್ಲ ಸೇರಿ ಊರಿನ ಇಂಜಿನ್‌ಗಳನ್ನು ಕೊಂದದ್ದು ಹೀಗೇ."

ಐದನೆಯದನ್ನು, ಅಪಘಾತವಾದ ಕಾರಿನ ಎ.ಸಿ.ಯ ಮುಂದೆ ಇದ್ದದ್ದನ್ನು, ಬ್ಯಾಟರಿಗೆ ಕೊಟ್ಟು ಕಿವಿಯಿಟ್ಟು ಕೇಳಿ ತಂದ.

ಎರಡು ದಿನದ ಕೆಲಸ. ಕೆಲವರು ಮಾಡುವ ಹಾಗೆ ರೇಡಿಯೇಟರಿನ ತೆಳು ತಗಡಿನ ಎಲೆಗಳ ನಡುವೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಬಿಗಿಯುವ ದರಿದ್ರ ಕೆಲಸ ಹುಕ್ರಪ್ಪ ಮಾಡುವವನಲ್ಲ. ಕಬ್ಬಿಣದ ಪಟ್ಟಿ ಬಗ್ಗಿಸಿ ಚಾಸಿಗೇ ಬೋಲ್ಟು ಹಾಕಿದ. ದಪ್ಪ ವಯರು, ರಿಲೇ, ಬೇರೆಯದೇ ಫ್ಯೂಸು. ನೀರು ಬಿಸಿಯಾದಾಗ ತಾನೇ ಚಾಲೂ ಆಗುವ ಸ್ವಿಚ್ಚು. ಡ್ಯಾಶ್‌ಬೋರ್ಡಿನಲ್ಲಿ ತನಗೊಂದು ಗುಂಡಿ ಬೇಕೆಂದ ಶಶಿರಾಜನನ್ನು, "ನೀವು ಒತ್ತಲು ಮರೀತೀರಿ, ನೀರು ಕುದಿಯಲು ಮರೆಯುವುದಿಲ್ಲ" ಎಂದು ಸುಮ್ಮನಾಗಿಸಿದ. ಕೊನೆಗೆ ಗ್ರಿಲ್ಲಿನ ಮುಂದೆ ಒಂದು ಪತ್ರಿಕೆಯ ಹಾಳೆ ಹಿಡಿದು ಬಿಟ್ಟ. ಹಾಳೆ ಹೋಗಿ ಗ್ರಿಲ್ಲಿಗೆ ಕಚ್ಚಿಕೊಂಡಿತು. ಆ ವಾರ ಹುಕ್ರಪ್ಪನಿಗೆ ಸಿಕ್ಕ ಸಂತೋಷ ಅದೊಂದೇ.

ಉಳಿದದ್ದು ಬೋರ್ಡು. ಗ್ರಿಲ್ಲಿನ ಅರ್ಧಕ್ಕೆ ಅಡ್ಡವಾಗಿ ಕೆಂಪು ತಗಡು, ಅದರ ಮೇಲೆ ಹಿತ್ತಾಳೆಯ ಅಕ್ಷರ: 'ಅಧ್ಯಕ್ಷರು, ಹಳೆ ವಿದ್ಯಾರ್ಥಿ ಸಂಘ.' ಹುಕ್ರಪ್ಪ ಅದನ್ನು ತಾನೇ ಬಿಚ್ಚಿ ಡಿಕ್ಕಿಗೆ ಎಸೆದ.

"ಫ್ಯಾನಿಗೆ ಅಧ್ಯಕ್ಷರು ಬೇಡ, ಗಾಳಿ ಬೇಕು. ಇದನ್ನು ಮತ್ತೆ ಹಾಕಬೇಡಿ. ಅಮ್ಮನಿಗೆ ಹೇಳಿ, ಕೊಟ್ಟಿಗೆಹಾರದವರೆಗೆ ಒಂದು ತೊಟ್ಟು ನೀರು ಕುದಿದರೆ ಈ ಹುಕ್ರಪ್ಪ ಇನ್ನು ಯಾರ ಕಾರೂ ಮುಟ್ಟುವುದಿಲ್ಲ."

ಅಂಗಡಿಯ ಎದುರು ನಾಲ್ಕು ಜನ ಇದ್ದರು, ಕೇಳಿಸಿಕೊಂಡರು. ಅವರು ಕೇಳಲೆಂದೇ ಅವನು ಹೇಳಿದ್ದು. ಆಮೇಲೆ, ಮೂವತ್ತು ವರ್ಷದಿಂದ ಕೆಲಸ ಮುಗಿದ ಪ್ರತಿ ಗಾಡಿಗೂ ಮಾಡುವಂತೆ, ಗ್ರಿಲ್ಲಿಗೆ ಒಂದು ಸೇವಂತಿಗೆ ಮಾಲೆ ಕಟ್ಟಿ, ಕೈಮುಗಿದು ಕಳಿಸಿದ.

ಭಾನುವಾರ ಹತ್ತು ಗಂಟೆಗೆ ಫೋನು ಬಂತು. ಘಾಟಿಯ ಬುಡದ ಕಕ್ಕಿಂಜೆ ದಾಟುವ ಮೊದಲೇ ಕಾರು ಕುದಿದಿತ್ತು.

ಹುಕ್ರಪ್ಪ ಸ್ಕೂಟರಿನಲ್ಲಿ ತಲುಪುವಾಗ ಹೋಟೆಲಿನ ಎದುರು ಬಾನೆಟ್ ತೆರೆದು ನಿಂತಿತ್ತು ಅಂಬಾಸಿಡರ್. ಸುತ್ತ ಹತ್ತು ಹದಿನೈದು ಜನ. ಕಮಲಾವತಿಯಮ್ಮ ಬೆಂಚಿನ ಮೇಲೆ ಕಾಲು ನೀಡಿ ಕೂತಿದ್ದರು. ಅವನು ಮೊದಲು ನೋಡಿದ್ದು ಗ್ರಿಲ್ಲನ್ನು. ಕೆಂಪು ತಗಡು ಮತ್ತೆ ಅಲ್ಲೇ ಇತ್ತು.

ಅವನ ಮೈ ಉರಿದುಹೋಯಿತು.

"ಥೂ! ಎಂತ ಮನುಷ್ಯರು ನೀವು? ತಾಯಿಯನ್ನು ದಾರಿಯಲ್ಲಿ ಕೂರಿಸಿದರೂ ಅಡ್ಡಿಲ್ಲ, ಹೆಸರು ಮುಂದೆ ಇರಬೇಕು! ಹೇಳಿದ್ದೆನೋ ಇಲ್ಲವೋ? ಹತ್ತು ಜನರ ಎದುರು ಕೇಳ್ತೇನೆ, ಹೇಳಿ!"

ಶಶಿರಾಜ್ ತಲೆ ತಗ್ಗಿಸಿದ. "ಹೇಳಿದ್ರಿ ಹುಕ್ರಪ್ಪಣ್ಣ. ತಪ್ಪಾಯ್ತು. ಕೊಟ್ಟಿಗೆಹಾರಕ್ಕೆ ಸಂಘದವರು ಇಬ್ಬರು ಬರ್ತಾರೆ ಅಂತ..." ಯಾರೋ ನಕ್ಕರು. ಅವನು ಸ್ಪ್ಯಾನರ್ ತೆಗೆದುಕೊಂಡು, ಬಿಳಿ ಅಂಗಿಯಲ್ಲೇ ಮೊಣಕಾಲೂರಿ, ತನ್ನ ಬೋರ್ಡನ್ನು ತಾನೇ ಬಿಚ್ಚತೊಡಗಿದ.

ಹುಕ್ರಪ್ಪ ಆಚೆ ಬದಿಯಿಂದ ಬಗ್ಗಿ ಫ್ಯಾನಿಗೆ ಕೈ ಹಾಕಿದ. ರೆಕ್ಕೆ ಅಲ್ಲಾಡಲಿಲ್ಲ. ಬೆರಳಿಗೆ ಏನೋ ಕೊಳೆತದ್ದು, ಲೋಳೆ ಲೋಳೆಯಾಗಿ ಅಂಟಿತು. ಎಳೆದ. ಬಾಡಿದ ಸೇವಂತಿಗೆಯ ಎಸಳುಗಳ ಜೊತೆ ಹಳದಿ ನೈಲಾನ್ ದಾರ ಬಂತು. ಮೋಟಾರಿನ ಕುತ್ತಿಗೆಗೆ ಇಪ್ಪತ್ತು ಸುತ್ತು ಬಿಗಿದುಕೊಂಡು ಫ್ಯಾನನ್ನು ನಿಲ್ಲಿಸಿ, ಫ್ಯೂಸು ಸುಟ್ಟದ್ದು ಅದೇ. ದಾರದ ತುದಿಯಲ್ಲಿ ಮೂರು ಗಂಟು. ಅವನದೇ ಗಂಟು.

ಪತ್ರಿಕೆಯ ಹಾಳೆಯನ್ನು ಎಳೆದುಕೊಂಡ ಗಾಳಿ ಮಾಲೆಯನ್ನು ಬಿಡುತ್ತದೆಯೇ? ಇದುವರೆಗಿನ ಗಾಡಿಗಳ ಫ್ಯಾನುಗಳೆಲ್ಲ ರೇಡಿಯೇಟರಿನ ಹಿಂದೆ, ಇಂಜಿನ್ ಬದಿಗೆ ಇದ್ದವು, ಮೂವತ್ತು ವರ್ಷ ಮಾಲೆಗಳು ಬಚಾವಾಗಿದ್ದವು. ಇದನ್ನು ಗ್ರಿಲ್ಲಿನ ಬೆನ್ನಿಗೇ ಕೂರಿಸಿದವನು ತಾನು. ಅದರ ಬಾಯಿಗೆ ಮಾಲೆ ಕೊಟ್ಟವನೂ ತಾನೇ.

ದಾರ ಮುಷ್ಟಿಯೊಳಗಿತ್ತು. ಯಾರೂ ನೋಡಿರಲಿಲ್ಲ. ಜೇಬಿಗೆ ಹಾಕಿ ಹೊಸ ಫ್ಯೂಸು ಸಿಕ್ಕಿಸಿದರೆ ಮುಗಿಯಿತು. ಕಾರು ಘಾಟಿ ಹತ್ತುತ್ತದೆ, ಹೆಸರು ಉಳಿಯುತ್ತದೆ, ಊರಿಡೀ ಅಧ್ಯಕ್ಷನನ್ನು ನೋಡಿ ನಗುತ್ತದೆ. ಹಾಗೆ ಯೋಚಿಸಿದ ತನ್ನ ತಲೆಯ ಬಗ್ಗೆಯೇ ಅವನಿಗೆ ಅಸಹ್ಯ ಹುಟ್ಟಿತು. ಆದರೂ ಮುಷ್ಟಿ ಬಿಡಿಸಲಿಲ್ಲ. ಇನ್ನೊಂದು ಕೈಯಿಂದ ಫ್ಯೂಸು ಹಾಕಿದ. ಫ್ಯಾನು ತಿರುಗಿತು.

ಕಮಲಾವತಿಯಮ್ಮ ಬೆಂಚಿನಿಂದಲೇ ಕೈಮುಗಿದರು. "ನಿಮ್ಮ ಕೈಗುಣ ಹುಕ್ರಪ್ಪ. ಇವನಿಗೆ ಬುದ್ಧಿ ಇಲ್ಲ, ನಿಮ್ಮ ಮಾತು ಕೇಳಲಿಲ್ಲ. ಎಲ್ಲಿ, ಹೊರಡುವ ಮೊದಲು ನಿಮ್ಮ ಕೈಯಿಂದಲೇ ಇನ್ನೊಂದು ಮಾಲೆ ಕಟ್ಟಿಬಿಡಿ. ಆ ಅಂಗಡಿಯಲ್ಲಿ ಹೂ ಉಂಟು."

ಹುಕ್ರಪ್ಪ ಹೂವಿನ ಅಂಗಡಿಯ ಕಡೆ ನೋಡಿದ.

"ಮಾಲೆ ಬೇಡ ಅಮ್ಮ," ಎಂದು ಮುಷ್ಟಿ ಬಿಡಿಸಿದ. "ಫ್ಯಾನು ನಿಂತದ್ದು ಇದರಿಂದ. ನಾನೇ ಕಟ್ಟಿದ್ದು."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಶಶಿರಾಜ್ ಆ ಕೊಳೆತ ದಾರವನ್ನು ನೋಡಿದ, ಮೊಣಕಾಲಿನ ಕೆಸರನ್ನು ನೋಡಿಕೊಂಡ. ಬೋರ್ಡನ್ನು ಎತ್ತಿ ಗ್ರಿಲ್ಲಿಗೆ ಇಟ್ಟು ಮತ್ತೆ ಬೋಲ್ಟು ಹಾಕತೊಡಗಿದ. ಆ ತಗಡು ಅರ್ಧ ಗಾಳಿ ತಿನ್ನುತ್ತದೆ, ಘಾಟಿಯ ನಡುವೆ ಕಾರು ಮತ್ತೆ ಕುದಿಯಬಹುದು ಎಂದು ಹುಕ್ರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಬಾಯಿ ತೆರೆದ.

"ಆ ಬದಿ ಸ್ವಲ್ಪ ಹಿಡ್ಕೊಳ್ಳಿ," ಅಂದ ಶಶಿರಾಜ್.

ಹುಕ್ರಪ್ಪ ಹಿಡಿದುಕೊಂಡ.